ಅಪರೂಪದ ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್ ಮತ್ತು ಚಕ್ರ: ಯಾವುದು ಮೊದಲು, ಯಾವುದು ಆಮೇಲೆ?

ಹಳೆಯ, ಅಪರೂಪದ ಸ್ಪೋರ್ಟ್ಸ್ ಕಾರೊಂದು ನೇರ ರಸ್ತೆಯಲ್ಲೂ ನೇರ ಹೋಗುತ್ತಿಲ್ಲ ಅಂದುಕೊಳ್ಳಿ. ಸ್ಟೀರಿಂಗ್ ಹಿಡಿದ ಕೈಗೆ ಬಿಡುವೇ ಇಲ್ಲ. ಬ್ರೇಕ್ ಒತ್ತಿದರೆ ಒಂದು ಕಡೆಗೆ ಎಳೆಯುತ್ತದೆ. ತಿರುವಿನ ಮಧ್ಯೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಪಕ್ಕಕ್ಕೆ ಸರಿದಂತಾಗುತ್ತದೆ. ಮಾಲೀಕರು ಮೊದಲು ಓಡುವುದು ವೀಲ್ ಅಲೈನ್‌ಮೆಂಟಿಗೆ. ಯಂತ್ರದ ಪರದೆಯಲ್ಲಿ ಎಲ್ಲ ಅಂಕಿಗಳೂ ಹಸಿರು ಬಣ್ಣಕ್ಕೆ ಬರುತ್ತವೆ. ಕಾರು ರಸ್ತೆಗೆ ಇಳಿದ ಮೇಲೆ ಮತ್ತೆ ಅದೇ ಕಥೆ.

ಯಾಕೆ ಹೀಗಾಗುತ್ತದೆ? ಅಲೈನ್‌ಮೆಂಟ್ ಯಂತ್ರ ನಿಂತ ಕಾರನ್ನು ಅಳೆಯುತ್ತದೆ. ನಿಂತ ಕಾರಿನಲ್ಲಿ ಸವೆದ ಬುಷ್ (ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ರಬ್ಬರ್ ತುಂಡು) ಕೂಡ ತೆಪ್ಪಗೆ ಕೂತಿರುತ್ತದೆ. ಬ್ರೇಕ್ ಹಾಕಿದಾಗ ಅದೇ ಬುಷ್ 3 ಮಿ.ಮೀ. ಹಿಂದಕ್ಕೆ ಸರಿದರೆ, ಅರ್ಧ ಮಿ.ಮೀ. ಲೆಕ್ಕದಲ್ಲಿ ಹೊಂದಿಸಿದ್ದೆಲ್ಲ ನೀರುಪಾಲು. ಅಲೈನ್‌ಮೆಂಟ್ ಈ ಕೆಲಸದ ಕೊನೆಯ ಹೆಜ್ಜೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸಗಳಿವೆ, ಅವಕ್ಕೆ ಒಂದು ಕ್ರಮವೂ ಇದೆ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಆ ಕ್ರಮವನ್ನು.

ಸಾಮಾನ್ಯ ಕಾರಾದರೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಅಂಥ ಸಾವಿರಾರು ಕಾರು ನೋಡಿದ ಮೆಕ್ಯಾನಿಕ್ ಇರುತ್ತಾರೆ, ಬಿಡಿಭಾಗ ಸಿಗುತ್ತದೆ, ಯಾವ ಟೈರ್ ಸರಿಹೋಗುತ್ತದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಟೊಯೋಟಾ 2000ಜಿಟಿ ಒಟ್ಟು ತಯಾರಾಗಿದ್ದೇ 351. ಬಿಎಂಡಬ್ಲ್ಯು ಎಂ1 ಸುಮಾರು 450. ಮರ್ಸಿಡಿಸ್ 300ಎಸ್‌ಎಲ್ ಕೂಪೆ, ಅಂದರೆ ಬಾಗಿಲು ರೆಕ್ಕೆಯಂತೆ ಮೇಲೇಳುವ ಕಾರು, 1,400. ಇಂಥ ಕಾರು ನಿಮ್ಮ ಕೈಗೆ ಬರುವ ಹೊತ್ತಿಗೆ ಹಲವು ಮಾಲೀಕರನ್ನು ದಾಟಿರುತ್ತದೆ. ಒಬ್ಬರು ಅಗಲ ಚಕ್ರ ಹಾಕಿರುತ್ತಾರೆ, ಇನ್ನೊಬ್ಬರು ಸ್ಪ್ರಿಂಗ್ ಬದಲಾಯಿಸಿರುತ್ತಾರೆ, ಮತ್ತೊಬ್ಬರು ಕಾರನ್ನು ತಗ್ಗಿಸಿರುತ್ತಾರೆ. ಕಂಪನಿಯ ಮ್ಯಾನುಯಲ್‌ನಲ್ಲಿರುವ ಅಂಕಿಗಳು ಕಾರ್ಖಾನೆಯಿಂದ ಹೊರಬಂದ ಕಾರಿನವು. ಎದುರಿಗೆ ನಿಂತಿರುವ ಕಾರು ಅದಾಗಿ ಉಳಿದಿದೆಯೇ ಅಂತ ನೀವೇ ಹುಡುಕಿ ತಿಳಿಯಬೇಕು.

ಮೊದಲು ಸಡಿಲ ಹುಡುಕಿ

ಕಾರನ್ನು ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ. ಚಕ್ರವನ್ನು ಗಡಿಯಾರದ 12 ಮತ್ತು 6 ಗಂಟೆಯ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಮೇಲೆ 3 ಮತ್ತು 9ರ ಜಾಗದಲ್ಲಿ. ಮೇಲೆ ಕೆಳಗೆ ಆಟ ಇದ್ದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಚಕ್ರ ಆಡಲು, ತಿರುಗಲು ಬಿಡುವ ಗುಂಡು ಕೀಲು) ಮೇಲೆ ಅನುಮಾನ. ಅಕ್ಕಪಕ್ಕದಲ್ಲಿ ಮಾತ್ರ ಇದ್ದರೆ ಟೈ ರಾಡ್ (ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಸರಳು) ಅಥವಾ ಸ್ಟೀರಿಂಗ್ ರ‍್ಯಾಕ್. ಬೇರಿಂಗೋ ಬಾಲ್ ಜಾಯಿಂಟೋ ಗೊತ್ತಾಗದಿದ್ದರೆ, ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ಅದು ಬೇರಿಂಗಿನದು. ಬ್ರೇಕ್ ಒತ್ತಿದಾಗ ಹಬ್ (ಚಕ್ರ ಕೂರುವ, ತಿರುಗುವ ಭಾಗ) ಮತ್ತು ಅಪ್‌ರೈಟ್ (ಹಬ್ ಅನ್ನು ಹಿಡಿದಿರುವ, ಅದರ ಜೊತೆ ಸುತ್ತದ ಭಾಗ) ಒಂದಕ್ಕೊಂದು ಬಿಗಿಯಾಗುತ್ತವೆ, ಹಾಗಾಗಿ ಅವುಗಳ ನಡುವಿನ ಸಡಿಲ ಕೈಗೆ ಸಿಗುವುದಿಲ್ಲ. ಬ್ರೇಕ್ ಒತ್ತಿದ ಮೇಲೂ ಆಟ ಉಳಿದರೆ ಬಾಲ್ ಜಾಯಿಂಟ್ ಕಡೆ ನೋಡಿ.

ಬುಷ್‌ಗಳ ವಿಷಯ ಬೇರೆ. ರಬ್ಬರ್ ಬುಷ್ ಕಿಲೋಮೀಟರಿನ ಲೆಕ್ಕದಲ್ಲಿ ಮಾತ್ರ ಹಾಳಾಗುವುದಿಲ್ಲ, ವರ್ಷಗಳ ಲೆಕ್ಕದಲ್ಲೂ ಹಾಳಾಗುತ್ತದೆ. ಮೂವತ್ತು ವರ್ಷ ಶೆಡ್ಡಿನಲ್ಲಿ ನಿಂತ, ಮೀಟರಿನಲ್ಲಿ 20,000 ಕಿ.ಮೀ. ಮಾತ್ರ ತೋರಿಸುವ ಕಾರಿನಲ್ಲೂ ಬುಷ್ ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು. ಸಣ್ಣ ಸಬ್ಬಲ್ ಹಾಕಿ ವಿಶ್‌ಬೋನನ್ನು (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಮೀಟಿ ನೋಡಿ. ಒಳಗಿನ ಲೋಹದ ಕೊಳವೆ ರಬ್ಬರಿನಿಂದ ಬೇರೆಯಾಗಿ ಜಾರುತ್ತಿದ್ದರೆ ಬುಷ್ ಮುಗಿದಿದೆ.

ಹೊಸ ಬುಷ್ ಹಾಕುವಾಗ ಒಂದು ತಪ್ಪು ಪದೇಪದೇ ನಡೆಯುತ್ತದೆ. ಹೆಚ್ಚಿನ ರಬ್ಬರ್ ಬುಷ್‌ಗಳಲ್ಲಿ ಒಳಗಿನ ಕೊಳವೆ ಬೋಲ್ಟಿನಿಂದ ಚಾಸಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ವಿಶ್‌ಬೋನ್ ಆಡಿದಾಗ ರಬ್ಬರೇ ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಈ ಬೋಲ್ಟ್ ಬಿಗಿ ಮಾಡಿದರೆ ಏನಾಗುತ್ತದೆ? ಕಾರು ನೆಲಕ್ಕೆ ಇಳಿದ ಕೂಡಲೇ ರಬ್ಬರ್ ಪೂರ್ತಿ ತಿರುಚಿಕೊಳ್ಳುತ್ತದೆ. ಅದು ಇನ್ನೊಂದು ಸ್ಪ್ರಿಂಗಿನ ಹಾಗೆ ಕಾರನ್ನು ಮೇಲೆತ್ತಿ ಹಿಡಿಯುತ್ತದೆ, ಬೇಗ ಹರಿದೂ ಹೋಗುತ್ತದೆ. ಆದ್ದರಿಂದ ಬೋಲ್ಟನ್ನು ಸಡಿಲವಾಗಿ ಹಾಕಿ, ಕಾರನ್ನು ಅದರ ಸರಿಯಾದ ಎತ್ತರದಲ್ಲಿ ಚಕ್ರಗಳ ಮೇಲೆ ನಿಲ್ಲಿಸಿ, ಆಮೇಲೆ ಬಿಗಿ ಮಾಡಬೇಕು. ಇಷ್ಟು ಚಿಕ್ಕ ವಿಷಯಕ್ಕೆ ಎಷ್ಟೋ ಕಾರುಗಳ ಎತ್ತರದ ಲೆಕ್ಕ ತಪ್ಪಿರುತ್ತದೆ.

ರಬ್ಬರ್ ಯಾಕೆ, ಗಟ್ಟಿ ಪಾಲಿಯುರಿಥೇನ್ ಬುಷ್ ಹಾಕಿಬಿಡೋಣ ಅನ್ನುವವರೂ ಇದ್ದಾರೆ. ಕೆಲವು ಕಾರುಗಳಿಗೆ ಅದು ಒಳ್ಳೆಯದೇ. ಆದರೆ ಕೆಲವು ಕಾರುಗಳಲ್ಲಿ ರಬ್ಬರಿನ ಮೆತುವನ್ನು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಪೋರ್ಷೆ 928ರ ಹಿಂದಿನ ಸಸ್ಪೆನ್ಷನ್ ನೋಡಿ. ಅದಕ್ಕೆ ವೈಸಾಕ್ ಆಕ್ಸಲ್ ಅನ್ನುತ್ತಾರೆ. ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಅಥವಾ ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ತಾನಾಗಿಯೇ ಸ್ವಲ್ಪ ಒಳಮುಖವಾಗುವಂತೆ ಅದನ್ನು ರೂಪಿಸಿದ್ದಾರೆ. ಕಾರು ಗಿರಕಿ ಹೊಡೆಯದಂತೆ ಕಾಯುವುದು ಅದೇ. ಅಂಥ ಜಾಗಕ್ಕೆ ಕಲ್ಲಿನಂಥ ಬುಷ್ ಹಾಕಿದರೆ ಆ ಗುಣವನ್ನೇ ಕೊಂದ ಹಾಗೆ. ನನ್ನ ಅಭಿಪ್ರಾಯ ಇಷ್ಟು: ರಸ್ತೆಯಲ್ಲಿ ಓಡಿಸುವ ಕಾರಿಗೆ ಮೊದಲು ಕಂಪನಿ ಕೊಟ್ಟ ಗಟ್ಟಿತನದ ರಬ್ಬರೇ ಹಾಕಿ, ಓಡಿಸಿ ನೋಡಿ, ಆಮೇಲೆ ಬೇಕಿದ್ದರೆ ಯೋಚಿಸಿ.

ಶಾಕ್ ಅಬ್ಸಾರ್ಬರ್ ಪರೀಕ್ಷಿಸಲು ಬಾನೆಟ್ ಒತ್ತಿ ಬಿಡುವ ಅಭ್ಯಾಸವಿದೆ. ಪೂರ್ತಿ ಸತ್ತ ಶಾಕ್ ಮಾತ್ರ ಅದರಲ್ಲಿ ಗೊತ್ತಾಗುತ್ತದೆ. ಅರ್ಧ ಸತ್ತದ್ದು ಗೊತ್ತಾಗುವುದಿಲ್ಲ. ಅಪರೂಪದ ಕಾರುಗಳ ಶಾಕ್‌ಗಳನ್ನು ಅನೇಕ ಸಲ ಬಿಚ್ಚಿ ಹೊಸ ಸೀಲು, ಹೊಸ ಎಣ್ಣೆ ಹಾಕಿ ಮತ್ತೆ ಕಟ್ಟಬಹುದು. ಕಟ್ಟಿದ ಮೇಲೆ ಶಾಕ್‌ನ ಬಲ ಅಳೆಯುವ ಡೈನೋ ಯಂತ್ರದಲ್ಲಿ ಎಡ ಬಲ ಎರಡನ್ನೂ ಓಡಿಸಿ ಹೋಲಿಸಿ ನೋಡಿಸಿ. ಎರಡೂ ಒಂದೇ ತರಹ ಕೆಲಸ ಮಾಡುವುದು, ಎರಡೂ ಹೊಸದಾಗಿರುವುದಕ್ಕಿಂತ ಮುಖ್ಯ.

ಚಕ್ರ ಕೂತಿತು ಅಂದರೆ ಸರಿಹೊಂದಿತು ಅಂತಲ್ಲ

ಸಡಿಲ ಹೋದ ಮೇಲೆ ಚಕ್ರಕ್ಕೆ ಬನ್ನಿ. ಇಲ್ಲಿ ತಪ್ಪಾದರೆ ಅಪಾಯ ಜಾಸ್ತಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸಕ್ಕೆ ಪಿಸಿಡಿ ಅನ್ನುತ್ತಾರೆ. ಫಿಯಟ್, ಲ್ಯಾನ್ಸಿಯಾ, ಆಲ್ಫಾ ರೋಮಿಯೋಗಳ ಎಷ್ಟೋ ಮಾದರಿಗಳಲ್ಲಿ ಅದು 98 ಮಿ.ಮೀ. ಬೇರೆ ಅನೇಕ ಕಂಪನಿಗಳಲ್ಲಿ 100. ವ್ಯತ್ಯಾಸ 2 ಮಿ.ಮೀ. ಮಾತ್ರ. 100ರ ಚಕ್ರವನ್ನು 98ರ ಹಬ್‌ಗೆ ತಳ್ಳಿದರೆ ಅದು ಕೂತ ಹಾಗೆಯೇ ಕಾಣುತ್ತದೆ. ನಿಜಕ್ಕೂ ಒಂದು ಬೋಲ್ಟ್ ನೇರ ಕೂತು ಉಳಿದವು ಓರೆಯಾಗಿ ಕಚ್ಚಿರುತ್ತವೆ. ಚಕ್ರ ನಡುಗುತ್ತದೆ, ಬೋಲ್ಟ್ ಸಡಿಲವಾಗುತ್ತದೆ, ಕೊನೆಗೆ ಮುರಿಯುತ್ತದೆ. ಬೋಲ್ಟಿನ ತಲೆಯ ಆಕಾರವೂ ಅಷ್ಟೇ ಮುಖ್ಯ. ಕೆಲವು ಚಕ್ರಗಳಿಗೆ ಶಂಕುವಿನಾಕಾರದ ತಲೆ ಬೇಕು, ಕೆಲವಕ್ಕೆ ಗುಂಡು ತಲೆ. ಅದಲು ಬದಲಾದರೆ ಲೋಹಕ್ಕೆ ಲೋಹ ತಾಗುವುದು ಒಂದು ತೆಳು ಗೆರೆಯಷ್ಟು ಜಾಗದಲ್ಲಿ ಮಾತ್ರ. ಚಕ್ರದ ಮಧ್ಯದ ತೂತು ಹಬ್ ಮೇಲೆ ಸಡಿಲವಿಲ್ಲದೆ ಕೂರಬೇಕು. ತೂತು ದೊಡ್ಡದಿದ್ದರೆ ಸರಿಯಾದ ಅಳತೆಯ ರಿಂಗ್ ಹಾಕಿಸಿ.

ಇನ್ನು ಆಫ್‌ಸೆಟ್. ಚಕ್ರದ ಅಗಲದ ಸರಿಮಧ್ಯಕ್ಕೂ ಅದು ಹಬ್‌ಗೆ ತಾಗುವ ಮುಖಕ್ಕೂ ಇರುವ ಅಂತರ ಇದು. ಚಕ್ರದ ಮೇಲೆ ಇಟಿ 35, ಇಟಿ 20 ಅಂತ ಮಿ.ಮೀ. ಲೆಕ್ಕದಲ್ಲಿ ಅಚ್ಚು ಹಾಕಿರುತ್ತಾರೆ. ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. ಇಟಿ 35 ಇದ್ದ ಕಡೆ ಇಟಿ 20 ಹಾಕಿದರೆ ಚಕ್ರ 15 ಮಿ.ಮೀ. ಹೊರಗೆ. ನೋಡಲು ಚೆನ್ನಾಗಿರುತ್ತದೆ, ನಿಜ. ಆದರೆ ಸ್ಟೀರಿಂಗಿಗೆ ಏನಾಗುತ್ತದೆ ನೋಡಿ.

ಮುಂದಿನ ಚಕ್ರದ ಮೇಲಿನ ಬಾಲ್ ಜಾಯಿಂಟಿನಿಂದ ಕೆಳಗಿನ ಬಾಲ್ ಜಾಯಿಂಟಿಗೆ ಒಂದು ಗೆರೆ ಎಳೆದು ಅದನ್ನು ನೆಲದವರೆಗೆ ಬೆಳೆಸಿ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವುದು ಈ ಗೆರೆಯ ಸುತ್ತ. ಬಾಗಿಲಿಗೆ ಕೀಲು ಇದ್ದ ಹಾಗೆ. ಈ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುಗೆರೆ ನೆಲ ಮುಟ್ಟುವ ಜಾಗಕ್ಕೂ ನಡುವಿನ ಅಂತರಕ್ಕೆ ಸ್ಕ್ರಬ್ ರೇಡಿಯಸ್ ಅನ್ನುತ್ತಾರೆ. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿದರೆ ಅದು ಅಲುಗುವುದೇ ಕಷ್ಟ, ದೂರದ ಅಂಚಿನಲ್ಲಿ ಬೆರಳು ಇಟ್ಟರೂ ತಿರುಗುತ್ತದೆ, ಅಲ್ವಾ? ಹಾಗೆಯೇ ಟೈರು ಕೀಲಿನಿಂದ ದೂರವಾದಷ್ಟೂ ರಸ್ತೆಯ ಪ್ರತಿ ಗುಂಡಿ, ಬ್ರೇಕಿನ ಪ್ರತಿ ಏರುಪೇರು ಸ್ಟೀರಿಂಗನ್ನು ಜೋರಾಗಿ ಎಳೆಯುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಹಗುರ ಕಾರಿನಲ್ಲಿ ಇದು ನೇರ ಕೈಗೇ ಬರುತ್ತದೆ. ರಸ್ತೆಯ ಗೆರೆ ಸಿಕ್ಕಲ್ಲೆಲ್ಲ ಕಾರು ಅತ್ತಿತ್ತ ಓಡುತ್ತದೆ ಅನ್ನುವ ದೂರಿಗೆ ಎಷ್ಟೋ ಸಲ ಕಾರಣ ಅಲೈನ್‌ಮೆಂಟಿನಲ್ಲಿ ಇರುವುದಿಲ್ಲ, ಆಫ್‌ಸೆಟ್‌ನಲ್ಲಿ ಇರುತ್ತದೆ.

ಟೈರಿನ ಅಳತೆಯಲ್ಲಿ ಒಂದು ಲೆಕ್ಕ ಅಡಗಿರುತ್ತದೆ. ಬಿಎಂಡಬ್ಲ್ಯು ಎಂ1 ಮುಂದೆ 205/55 ಆರ್16, ಹಿಂದೆ 225/50 ಆರ್16 ಟೈರುಗಳೊಂದಿಗೆ ಬಂತು. ಮೊದಲ ಅಂಕಿ ಅಗಲ. ಎರಡನೆಯದು, ಅಗಲದ ಶೇಕಡಾ ಎಷ್ಟು ಎತ್ತರ ಪಕ್ಕದ ಗೋಡೆ ಅನ್ನುವುದು. 16 ಅಂಗುಲ ಅಂದರೆ 406.4 ಮಿ.ಮೀ. ಅದಕ್ಕೆ ಮೇಲೆ ಕೆಳಗಿನ ಎರಡು ಗೋಡೆ ಕೂಡಿಸಿ. ಮುಂದಿನ ಟೈರಿನ ಒಟ್ಟು ವ್ಯಾಸ 631.9 ಮಿ.ಮೀ., ಹಿಂದಿನದು 631.4. ಅಗಲ ಬೇರೆಯಾದರೂ ಎತ್ತರ ಹೆಚ್ಚುಕಡಿಮೆ ಒಂದೇ! ಈಗ ಹೋಂಡಾ ಎನ್‌ಎಸ್‌ಎಕ್ಸ್ ನೋಡಿ. 1990ರಲ್ಲಿ ಬಂದ ಮೊದಲ ಮಾದರಿಗೆ ಮುಂದೆ 205/50 ಅಳತೆಯ 15 ಅಂಗುಲದ ಟೈರು, ಹಿಂದೆ 225/50 ಅಳತೆಯ 16 ಅಂಗುಲದ್ದು. ವ್ಯಾಸ ಮುಂದೆ 586, ಹಿಂದೆ 631.4. ಇಲ್ಲಿ ಬೇಕೆಂದೇ ಮುಂದಿನದನ್ನು ಚಿಕ್ಕದಾಗಿ ಇಟ್ಟಿದ್ದಾರೆ. ಇದು ಗೊತ್ತಿಲ್ಲದೆ ನಾಲ್ಕೂ ಕಡೆ ಒಂದೇ ವ್ಯಾಸದ ಟೈರು ಹಾಕಿದರೆ ಮೂತಿ ಸುಮಾರು 23 ಮಿ.ಮೀ. ಮೇಲೇಳುತ್ತದೆ. 2,530 ಮಿ.ಮೀ. ವೀಲ್‌ಬೇಸಿಗೆ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) ಅದು ಅರ್ಧ ಡಿಗ್ರಿ ಓರೆ. ಕ್ಯಾಸ್ಟರ್ (ಮೇಲೆ ಹೇಳಿದ ಕೀಲಿನ ಗೆರೆ ಹಿಂದಕ್ಕೆ ವಾಲಿರುವ ಕೋನ) ಕೂಡ ಅಷ್ಟೇ ಬದಲಾಗುತ್ತದೆ. ಒಂದು ಬೋಲ್ಟನ್ನೂ ಮುಟ್ಟದೆ ಸಸ್ಪೆನ್ಷನ್ ಲೆಕ್ಕ ಬದಲಾಯಿಸಿದ ಹಾಗಾಯಿತು.

ಇನ್ನೊಂದು ಬಲೆ ಮೆಟ್ರಿಕ್ ರಿಮ್. ಮಿಶೆಲಿನ್ ಕಂಪನಿ 1970ರ ದಶಕದಲ್ಲಿ ಟಿಆರ್‌ಎಕ್ಸ್ ಎಂಬ ಟೈರು ತಂದಿತು. ಅದರ ರಿಮ್ ವ್ಯಾಸ ಅಂಗುಲದಲ್ಲಿ ಇರಲಿಲ್ಲ, ಮಿ.ಮೀ.ನಲ್ಲಿತ್ತು. ಫೆರಾರಿ ಮೊಂಡಿಯಲ್ 8ರಲ್ಲಿ 390 ಮಿ.ಮೀ., ಫೆರಾರಿ 512 ಬಿಬಿಐನಲ್ಲಿ 415 ಮಿ.ಮೀ. ಲೆಕ್ಕ ಹಾಕಿದರೆ 390 ಅಂದರೆ 15.35 ಅಂಗುಲ. 15 ಅಂಗುಲದ ಟೈರೂ ಅದಕ್ಕೆ ಸರಿಯಲ್ಲ, 16ರದೂ ಸರಿಯಲ್ಲ. ರಿಮ್ ಅಂಚಿನ ಆಕಾರವೇ ಬೇರೆ. ಅಲ್ಲಿ ಇರುವುದು ಎರಡೇ ದಾರಿ: ಆ ಅಳತೆಯ ಟೈರು ಹುಡುಕಿ ತರಿಸುವುದು, ಇಲ್ಲವೇ ಚಕ್ರವನ್ನೇ ಬದಲಾಯಿಸುವುದು.

ಟೈರಿನ ವಯಸ್ಸು ನೋಡುವುದು ಸುಲಭ. 2000ದಿಂದ ಈಚಿನ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 3519 ಅಂದರೆ 2019ರ 35ನೇ ವಾರ. ಮೂರೇ ಅಂಕಿ ಇದ್ದರೆ ಟೈರು ಕಳೆದ ಶತಮಾನದ್ದು. ಪಟ್ಟೆ ಎಷ್ಟೇ ಆಳವಿರಲಿ, ಅದನ್ನು ತೆಗೆದುಹಾಕಿ. ಹಳೆಯ ಮೆಗ್ನೀಸಿಯಂ ಚಕ್ರಗಳಿದ್ದರೆ, ಟೈರು ಹಾಕಿಸುವ ಮೊದಲು ಬಣ್ಣ ತೆಗೆಸಿ ಬಿರುಕಿಗೆ ಪರೀಕ್ಷೆ ಮಾಡಿಸಿ. ಮೆಗ್ನೀಸಿಯಂ ಹಗುರ, ಆದರೆ ತೇವಕ್ಕೆ ಬೇಗ ತಿನ್ನಿಸಿಕೊಳ್ಳುತ್ತದೆ. ಒಳಗಿನ ಬಿರುಕು ಬಣ್ಣದ ಕೆಳಗೆ ಕಾಣುವುದಿಲ್ಲ.

ಎತ್ತರ, ಸ್ಪ್ರಿಂಗ್, ನಾಲ್ಕು ಮೂಲೆಯ ತೂಕ

ಈಗ ಕಾರು ನೆಲದಿಂದ ಎಷ್ಟು ಎತ್ತರದಲ್ಲಿ ನಿಂತಿದೆ ಅನ್ನುವುದು. ಬಾಡಿಯ ಅಂಚಿನಿಂದ ಅಳೆಯಬೇಡಿ, ಹಳೆಯ ಕಾರಿನ ಬಾಡಿ ಎರಡು ಕಡೆ ಒಂದೇ ಇರುವುದಿಲ್ಲ. ಚಾಸಿಯ ಮೇಲೆ, ವಿಶ್‌ಬೋನ್ ಬೋಲ್ಟಿನ ಹತ್ತಿರ ಒಂದು ಗಟ್ಟಿ ಜಾಗ ಆರಿಸಿ. ಜಾಕಿನಿಂದ ಇಳಿಸಿದ ಕೂಡಲೇ ಅಳೆದರೆ ಸುಳ್ಳು ಅಂಕಿ ಬರುತ್ತದೆ. ಟೈರುಗಳು ನೆಲವನ್ನು ಹಿಡಿದುಕೊಂಡು ಕಾರನ್ನು ಎತ್ತರದಲ್ಲೇ ನಿಲ್ಲಿಸಿರುತ್ತವೆ. ಹಿಂದೆ ಮುಂದೆ ಕೆಲವು ಮೀಟರ್ ತಳ್ಳಿ, ಮೇಲಿನಿಂದ ಒತ್ತಿ ಬಿಟ್ಟು, ಆಮೇಲೆ ಅಳೆಯಿರಿ. ಹಗುರ ಕಾರಾದರೆ ಚಾಲಕರ ಸೀಟಿನಲ್ಲಿ ಅವರಷ್ಟೇ ತೂಕ ಇಡಿ. ಪೆಟ್ರೋಲ್ ಎಷ್ಟಿತ್ತು ಅಂತ ಬರೆದುಕೊಳ್ಳಿ.

ಎತ್ತರಕ್ಕೆ ಇಷ್ಟು ಮಹತ್ವ ಯಾಕೆ? ಚಕ್ರ ಮೇಲೆ ಕೆಳಗೆ ಹೋದ ಹಾಗೆ ಅದರ ಓರೆಯೂ ಬದಲಾಗುತ್ತದೆ. ಇದರ ಅತಿಯಾದ ಉದಾಹರಣೆ 300ಎಸ್‌ಎಲ್ ಕೂಪೆಯ ಸ್ವಿಂಗ್ ಆಕ್ಸಲ್. ಅಲ್ಲಿ ಹಿಂದಿನ ಅರ್ಧ ಆಕ್ಸಲ್ ಮಧ್ಯದ ಕೀಲಿನ ಮೇಲೆ ರೆಕ್ಕೆಯಂತೆ ಆಡುತ್ತದೆ. ಚಕ್ರ ಆ ಆಕ್ಸಲ್‌ಗೆ ನೇರ ಕೂತಿರುವುದರಿಂದ ಹಿಂಭಾಗ ಮೇಲೆದ್ದರೆ ಚಕ್ರದ ಬುಡ ಒಳಕ್ಕೆ ಮಡಚಿಕೊಳ್ಳುತ್ತದೆ. ವೇಗದ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಆಗುವುದು ಇದೇ. ಟೈರು ಅಂಚಿನ ಮೇಲೆ ನಿಂತು ಹಿಡಿತ ಬಿಡುತ್ತದೆ. 1957ರಲ್ಲಿ ರೋಡ್‌ಸ್ಟರ್ ಬಂದಾಗ ಮರ್ಸಿಡಿಸ್ ಆ ಕೀಲನ್ನು ಕೆಳಕ್ಕೆ ತಂದು, ಅಡ್ಡಲಾಗಿ ಒಂದು ಹೆಚ್ಚುವರಿ ಸ್ಪ್ರಿಂಗ್ ಕೂರಿಸಿತು. ಕೂಪೆಯ ಮಾಲೀಕರು ಈ ಗುಣವನ್ನು ಅಲೈನ್‌ಮೆಂಟಿನಿಂದ ಅಳಿಸಲಾರರು. ಹಿಂದಿನ ಎತ್ತರ, ಟೈರಿನ ಗಾಳಿ, ಶಾಕ್‌ಗಳ ಸ್ಥಿತಿ ಇವನ್ನು ಕಟ್ಟುನಿಟ್ಟಾಗಿ ಕಾಪಾಡಬಲ್ಲರು.

ಸ್ಪ್ರಿಂಗ್ ಬದಲಿಸುವವರು ಒಂದು ಲೆಕ್ಕ ತಿಳಿದಿರಲೇಬೇಕು. ಸ್ಪ್ರಿಂಗ್ ಚಕ್ರದ ಮೇಲೆ ನೇರವಾಗಿ ಕೂತಿರುವುದಿಲ್ಲ, ವಿಶ್‌ಬೋನಿನ ನಡುವೆ ಎಲ್ಲೋ ಕೂತಿರುತ್ತದೆ. ಚಕ್ರ 10 ಮಿ.ಮೀ. ಎದ್ದಾಗ ಸ್ಪ್ರಿಂಗ್ 7 ಮಿ.ಮೀ. ಮಾತ್ರ ಅದುಮಿದರೆ ಆ ಅನುಪಾತ 0.7. ಚಕ್ರಕ್ಕೆ ಸಿಗುವ ಗಟ್ಟಿತನ ಸ್ಪ್ರಿಂಗಿನ ಗಟ್ಟಿತನಕ್ಕೆ ಈ ಅನುಪಾತದ ವರ್ಗವನ್ನು ಗುಣಿಸಿದಷ್ಟು. 0.7ರ ವರ್ಗ 0.49. ಹಾಗಾಗಿ ಮಿ.ಮೀ.ಗೆ 50 ನ್ಯೂಟನ್ ಸ್ಪ್ರಿಂಗ್ ಚಕ್ರದಲ್ಲಿ 24.5 ಮಾತ್ರ. ಆ ಮೂಲೆಯಲ್ಲಿ ಸ್ಪ್ರಿಂಗಿನ ಮೇಲೆ 250 ಕೆ.ಜಿ. ಇದ್ದರೆ ಕಾರು ಸೆಕೆಂಡಿಗೆ ಸುಮಾರು 1.6 ಸಲ ಕುಪ್ಪಳಿಸಲು ನೋಡುತ್ತದೆ. ರಸ್ತೆಯ ಸ್ಪೋರ್ಟ್ಸ್ ಕಾರಿಗೆ ಇದು ಹಿತವಾದ ಅಂಕಿ. ಇನ್ನೊಂದು ಕಾರಿನಲ್ಲಿ 50ರ ಸ್ಪ್ರಿಂಗ್ ಚೆನ್ನಾಗಿತ್ತು ಅಂತ ನಿಮ್ಮ ಕಾರಿಗೂ ಅದನ್ನೇ ತಂದು ಹಾಕುವುದು ಯಾಕೆ ತಪ್ಪು ಅಂತ ಇದರಿಂದ ಗೊತ್ತಾಗುತ್ತದೆ. ಅನುಪಾತ 0.6 ಆದರೆ ಅದೇ ಸ್ಪ್ರಿಂಗ್ ಚಕ್ರಕ್ಕೆ 18 ಮಾತ್ರ ಕೊಡುತ್ತದೆ. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ತಮ್ಮ ರಸ್ತೆ ಕಾರುಗಳಲ್ಲಿ ಮೆತ್ತನೆಯ ಸ್ಪ್ರಿಂಗ್ ಇಟ್ಟು, ಶಾಕ್‌ನಿಂದ ಹಿಡಿತ ತಂದರು. 1962ರ ಲೋಟಸ್ ಇಲಾನ್ ಅದಕ್ಕೆ ಒಳ್ಳೆಯ ಸಾಕ್ಷಿ. ಗಟ್ಟಿ ಸ್ಪ್ರಿಂಗ್ ಅಂದರೆ ಒಳ್ಳೆಯ ತಿರುವು ಅನ್ನುವ ನಂಬಿಕೆಯನ್ನು ಆ ಕಾರು ಸುಳ್ಳು ಮಾಡುತ್ತದೆ.

ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಇದ್ದರೆ ನಾಲ್ಕೂ ಚಕ್ರದ ಕೆಳಗೆ ತೂಕದ ಯಂತ್ರ ಇಟ್ಟು ನೋಡಬೇಕು. ನಾಲ್ಕು ಕಾಲಿನ ಮೇಜು ಕುಂಟುವುದನ್ನು ನೋಡಿದ್ದೀರಿ. ಒಂದು ಕಾಲು ಉದ್ದ ಇದ್ದರೆ ಭಾರವೆಲ್ಲ ಆ ಕಾಲಿಗೂ ಅದರ ಕರ್ಣದ ಎದುರು ಕಾಲಿಗೂ ಬೀಳುತ್ತದೆ. ಕಾರಿನಲ್ಲೂ ಹಾಗೆಯೇ. ಚಾಲಕರೂ ಸೇರಿ 900 ಕೆ.ಜಿ. ಇರುವ ಒಂದು ಕಾರು ತೆಗೆದುಕೊಳ್ಳಿ. ಮುಂದೆ ಎಡಕ್ಕೆ 190, ಬಲಕ್ಕೆ 170. ಹಿಂದೆ ಎಡಕ್ಕೆ 260, ಬಲಕ್ಕೆ 280. ಎಡ ಬಲ ಎರಡೂ ಕಡೆ 450, ಎಲ್ಲ ಸರಿಯಿದ್ದ ಹಾಗೆ ಕಾಣುತ್ತದೆ. ಆದರೆ ಮುಂದಿನ ಎಡ ಮತ್ತು ಹಿಂದಿನ ಬಲ ಕೂಡಿಸಿದರೆ 470, ಇನ್ನೊಂದು ಕರ್ಣ 430. ಈ ಕಾರು ಎಡಕ್ಕೆ ತಿರುಗುವಾಗ ಒಂದು ಥರ, ಬಲಕ್ಕೆ ತಿರುಗುವಾಗ ಇನ್ನೊಂದು ಥರ ನಡೆದುಕೊಳ್ಳುತ್ತದೆ. ಮುಂದಿನ ಬಲ ಅಥವಾ ಹಿಂದಿನ ಎಡ ಸ್ಪ್ರಿಂಗನ್ನು ಸ್ವಲ್ಪ ಎತ್ತಿದರೆ ಕರ್ಣಗಳು ಸಮವಾಗುತ್ತವೆ. ತೂಗುವ ಮೊದಲು ಆಂಟಿ ರೋಲ್ ಬಾರ್‌ನ (ಎಡ ಬಲ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಡೆಯುವ ಸರಳು) ಒಂದು ಕೊಂಡಿ ಬಿಚ್ಚಿಡಿ, ಇಲ್ಲದಿದ್ದರೆ ಅದೂ ಸ್ಪ್ರಿಂಗಿನ ಹಾಗೆ ಮಧ್ಯೆ ಬಂದು ಲೆಕ್ಕ ಕೆಡಿಸುತ್ತದೆ. ಸ್ಪ್ರಿಂಗ್ ತಿರುಗಿಸಿ ಬದಲಿಸಲು ಆಗುವುದು ಕರ್ಣದ ತೂಕ ಮಾತ್ರ. ಮುಂದಿನ ಹಿಂದಿನ ಪಾಲು ಬದಲಾಗಬೇಕಾದರೆ ಬ್ಯಾಟರಿಯಂಥ ಭಾರದ ವಸ್ತುವನ್ನೇ ಜರುಗಿಸಬೇಕು.

ಕ್ಯಾಂಬರ್, ಕ್ಯಾಸ್ಟರ್, ಟೋ

ಇಷ್ಟೆಲ್ಲ ಆದ ಮೇಲೆ ಅಲೈನ್‌ಮೆಂಟಿಗೆ ಅರ್ಥ ಬರುತ್ತದೆ.

ಕಾರಿನ ಮುಂದೆ ನಿಂತು ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ನೆಗೆಟಿವ್ ಕ್ಯಾಂಬರ್. ತಿರುವಿನಲ್ಲಿ ಬಾಡಿ ವಾಲಿದಾಗ ಹೊರಗಿನ ಚಕ್ರ ಹೊರಕ್ಕೆ ಬಾಗಲು ನೋಡುತ್ತದೆ. ಮೊದಲೇ ಸ್ವಲ್ಪ ಒಳಕ್ಕೆ ವಾಲಿಸಿದ್ದರೆ ಆಗ ಟೈರು ನೆಲಕ್ಕೆ ಚಪ್ಪಟೆಯಾಗಿ ಕೂರುತ್ತದೆ. ಜಾಸ್ತಿಯಾದರೆ ಒಳ ಅಂಚು ಸವೆಯುತ್ತದೆ, ಬ್ರೇಕಿನ ಹಿಡಿತವೂ ತಗ್ಗುತ್ತದೆ. ಹಳೆಯ ಮ್ಯಾನುಯಲ್ ಓದುವಾಗ ಎಚ್ಚರ ಬೇಕು. ರೇಡಿಯಲ್ ಟೈರಿಗೆ (ಒಳಗಿನ ನೂಲುಗಳು ಅಡ್ಡಕ್ಕೆ ನೇರವಾಗಿರುವ ಟೈರು) ಮಿಶೆಲಿನ್ ಪೇಟೆಂಟ್ ಪಡೆದದ್ದು 1946ರಲ್ಲಿ. ಅದು ಎಲ್ಲೆಡೆ ಹರಡುವುದಕ್ಕೆ ವರ್ಷಗಳೇ ಹಿಡಿದವು. ಅದಕ್ಕೂ ಹಿಂದಿನ ಕ್ರಾಸ್ ಪ್ಲೈ ಟೈರಿನ (ಒಳಗಿನ ನೂಲುಗಳು ಓರೆಯಾಗಿ ಒಂದನ್ನೊಂದು ದಾಟುವ ಟೈರು) ಕಾಲದ ಅನೇಕ ಕಾರುಗಳಿಗೆ ಪಾಸಿಟಿವ್ ಕ್ಯಾಂಬರ್ ಬರೆದಿರುತ್ತದೆ. ಈಗ ಅದೇ ಕಾರಿಗೆ ರೇಡಿಯಲ್ ಹಾಕಿದ್ದರೆ ಆ ಅಂಕಿಯನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ಸೊನ್ನೆಯಿಂದ ಸ್ವಲ್ಪ ನೆಗೆಟಿವ್ ಕಡೆಗೆ ಇರುವುದು ಸಾಮಾನ್ಯವಾಗಿ ಹೊಂದುತ್ತದೆ.

ಕ್ಯಾಂಬರ್ ಹೊಂದಿಸುವ ರೀತಿ ಕಾರಿನಿಂದ ಕಾರಿಗೆ ಬೇರೆ. 1996ರಲ್ಲಿ ಬಂದ ಲೋಟಸ್ ಇಲೀಸ್‌ನಲ್ಲಿ ಮೇಲಿನ ಬಾಲ್ ಜಾಯಿಂಟಿನ ಹತ್ತಿರ ಶಿಮ್ ಎಂಬ ತೆಳುವಾದ ಲೋಹದ ಬಿಲ್ಲೆಗಳಿರುತ್ತವೆ. ಒಂದು ಶಿಮ್ ತೆಗೆದರೆ ಚಕ್ರದ ತಲೆ ಅಷ್ಟು ಒಳಕ್ಕೆ ಬರುತ್ತದೆ. ತೆಗೆದ ಶಿಮ್‌ಗಳನ್ನು ಯಾವ ಮೂಲೆಯದು ಅಂತ ಬರೆದು ಎತ್ತಿಡಿ. ಅಪರೂಪದ ಕಾರಿನಲ್ಲಿ ಅದೊಂದು ದಾಖಲೆ.

ಕ್ಯಾಸ್ಟರ್ ಎಂದರೆ ಪಕ್ಕದಿಂದ ನೋಡಿದಾಗ ಮೊದಲು ಹೇಳಿದ ಕೀಲಿನ ಗೆರೆ ಎಷ್ಟು ಹಿಂದಕ್ಕೆ ವಾಲಿದೆ ಅನ್ನುವುದು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಇದರಿಂದ. ಎಡ ಬಲದಲ್ಲಿ ವ್ಯತ್ಯಾಸವಿದ್ದರೆ ಕಾರು ಕಡಿಮೆ ಕ್ಯಾಸ್ಟರ್ ಇರುವ ಕಡೆಗೆ ಎಳೆಯುತ್ತದೆ. ಆದರೆ ಎಳೆತದ ತಪ್ಪನ್ನು ಕ್ಯಾಸ್ಟರ್ ಮೇಲೆ ಹೊರಿಸುವ ಮೊದಲು, ಟೈರು ಎಡ ಬಲ ಬದಲಿಸಬಹುದಾದ ಮಾದರಿಯದಾಗಿದ್ದರೆ, ಮುಂದಿನ ಎರಡು ಚಕ್ರ ಅದಲು ಬದಲು ಮಾಡಿ ಓಡಿಸಿ. ಎಳೆತ ಆಗ ಇನ್ನೊಂದು ಕಡೆಗೆ ತಿರುಗಿದರೆ ದೋಷ ಟೈರಿನದೇ.

ಟೋ ಎಂದರೆ ಮೇಲಿನಿಂದ ನೋಡಿದಾಗ ಎರಡು ಚಕ್ರಗಳು ಒಳಮುಖವೋ ಹೊರಮುಖವೋ ಅನ್ನುವುದು. ಮೂರರಲ್ಲಿ ಇದೇ ಎಲ್ಲಕ್ಕಿಂತ ಸೂಕ್ಷ್ಮ. ಎಂಜಿನ್ ಮಧ್ಯದಲ್ಲಿರುವ ಕಾರಿನ ಹಿಂದಿನ ಚಕ್ರ ಸ್ವಲ್ಪ ಹೊರಮುಖವಾದರೂ ಕಾರು ಭಯ ಹುಟ್ಟಿಸುತ್ತದೆ. ಹೋಂಡಾ ಎನ್‌ಎಸ್‌ಎಕ್ಸ್‌ನಲ್ಲಿ ಸ್ಥಿರತೆಗಾಗಿ ಹಿಂದಿನ ಚಕ್ರಗಳನ್ನು ಸಾಕಷ್ಟು ಒಳಮುಖವಾಗಿ ಇಟ್ಟಿದ್ದರು. ಅದರ ಬೆಲೆಯಾಗಿ ಮೊದಲ ಕಾರುಗಳು ಹಿಂದಿನ ಟೈರುಗಳನ್ನು ಬೇಗ ತಿಂದುಹಾಕುತ್ತಿದ್ದವು.

ಮ್ಯಾನುಯಲ್‌ನಲ್ಲಿ ಟೋ ಮಿ.ಮೀ.ನಲ್ಲಿ ಇದ್ದರೆ ಅದು ಯಾವ ವ್ಯಾಸದ ರಿಮ್ ಮೇಲೆ ಅಂತ ನೋಡಿ. 13 ಅಂಗುಲದ ರಿಮ್ ಮೇಲೆ 2 ಮಿ.ಮೀ. ಅಂದರೆ ಕೋನದಲ್ಲಿ ಸುಮಾರು 21 ಮಿನಿಟ್ (60 ಮಿನಿಟ್ ಅಂದರೆ 1 ಡಿಗ್ರಿ). 18 ಅಂಗುಲದ ರಿಮ್ ಮೇಲೆ ಅದೇ 2 ಮಿ.ಮೀ. 15 ಮಿನಿಟ್ ಮಾತ್ರ. ಚಕ್ರ ದೊಡ್ಡದು ಮಾಡಿದವರು ಹಳೆಯ ಮಿ.ಮೀ. ಅಂಕಿಯನ್ನೇ ಹಿಡಿದರೆ ಟೋ ಕಾಲುಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಆ ಅಂಕಿ ಒಂದು ಚಕ್ರದ್ದೋ, ಎರಡೂ ಸೇರಿದ್ದೋ ಅನ್ನುವುದನ್ನೂ ಖಚಿತ ಮಾಡಿಕೊಳ್ಳಿ.

ಇದನ್ನು ದಾರ ಕಟ್ಟಿಯೂ ಅಳೆಯಬಹುದು. ನಾನು ಈ ವಿಧಾನವನ್ನು ತುಂಬಾ ನಂಬುತ್ತೇನೆ. ಮೊದಲು ನೆಲ ಮಟ್ಟವಾಗಿದೆಯೇ ಅಂತ ನೀರು ತುಂಬಿದ ಕೊಳವೆಯಿಂದ ನೋಡಿ, ಇಲ್ಲದ ಕಡೆ ತೆಳು ಹಲಗೆ ಕೊಡಿ. ಕಾರಿನ ಎರಡೂ ಪಕ್ಕ ಹಬ್ ಎತ್ತರದಲ್ಲಿ ಸ್ಟ್ಯಾಂಡಿಗೆ ದಾರ ಬಿಗಿದು ಕಟ್ಟಿ. ಎರಡು ದಾರಗಳೂ ಕಾರಿನ ನಡುಗೆರೆಗೆ ಸಮಾನಾಂತರ ಇರಬೇಕು. ಹಿಂದಿನ ಟ್ರ್ಯಾಕ್ (ಎಡ ಬಲ ಚಕ್ರಗಳ ನಡುವಿನ ಅಂತರ) ಮುಂದಿನದಕ್ಕಿಂತ 26 ಮಿ.ಮೀ. ಅಗಲ ಇದ್ದರೆ, ಹಿಂದಿನ ಹಬ್ ಮುಂದಿನದಕ್ಕಿಂತ 13 ಮಿ.ಮೀ. ದಾರಕ್ಕೆ ಹತ್ತಿರ ಇರುತ್ತದೆ. ಇದನ್ನು ಮರೆತರೆ ಇಡೀ ಅಳತೆ ತಪ್ಪು. ಆಮೇಲೆ ರಿಮ್ಮಿನ ಮುಂದಿನ ಅಂಚು, ಹಿಂದಿನ ಅಂಚು ದಾರದಿಂದ ಎಷ್ಟು ದೂರ ಅಂತ ಅಳೆಯಿರಿ. ರಿಮ್ಮೇ ಸೊಟ್ಟ ಇರಬಹುದು, ಅದಕ್ಕೆ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆದು ಸರಾಸರಿ ತೆಗೆಯಿರಿ.

ಯಾವಾಗಲೂ ಹಿಂದಿನ ಚಕ್ರ ಮೊದಲು. ಹಿಂದೆ ಬಲಗಡೆ 4 ಮಿ.ಮೀ. ಒಳಮುಖ, ಎಡಗಡೆ ಸೊನ್ನೆ ಇದ್ದರೆ ಕಾರು ಏಡಿಯ ಹಾಗೆ ಓರೆಯಾಗಿ ಓಡುತ್ತದೆ, ನೇರ ರಸ್ತೆಯಲ್ಲೂ ಸ್ಟೀರಿಂಗ್ ಸೊಟ್ಟ ನಿಲ್ಲುತ್ತದೆ. ಹಿಂದಿನದು ಸರಿಯಾದ ಮೇಲೆ ಸ್ಟೀರಿಂಗನ್ನು ನೇರಕ್ಕೆ ಕಟ್ಟಿ, ಮುಂದಿನ ಎರಡನ್ನೂ ಸಮವಾಗಿ ಹೊಂದಿಸಿ.

ಇಷ್ಟಾದರೂ ಗುಂಡಿ ಸಿಕ್ಕಾಗ ಮಾತ್ರ ಕಾರು ಪಕ್ಕಕ್ಕೆ ಹಾರುತ್ತಿದ್ದರೆ ಅದಕ್ಕೆ ಬಂಪ್ ಸ್ಟಿಯರ್ ಅನ್ನುತ್ತಾರೆ. ಚಕ್ರ ಮೇಲೇಳುವಾಗ ವಿಶ್‌ಬೋನ್ ಒಂದು ಕಮಾನಿನಲ್ಲಿ, ಟೈ ರಾಡ್ ಇನ್ನೊಂದು ಕಮಾನಿನಲ್ಲಿ ಆಡುತ್ತವೆ. ಎರಡೂ ಹೊಂದದಿದ್ದರೆ ಯಾರೂ ತಿರುಗಿಸದೆ ಚಕ್ರ ತಾನೇ ತಿರುಗುತ್ತದೆ. ಕಾರನ್ನು ತಗ್ಗಿಸಿದಾಗ ಇದು ತಲೆ ಎತ್ತುವುದು ಜಾಸ್ತಿ. ಸ್ಪ್ರಿಂಗ್ ತೆಗೆದಿಟ್ಟು, ಚಕ್ರವನ್ನು 50 ಮಿ.ಮೀ. ಮೇಲೆ, 50 ಮಿ.ಮೀ. ಕೆಳಗೆ ಆಡಿಸಿ, ಪ್ರತಿ 10 ಮಿ.ಮೀ.ಗೆ ಟೋ ಬರೆದುಕೊಳ್ಳಿ. ಬದಲಾವಣೆ ದೊಡ್ಡದಿದ್ದರೆ ರ‍್ಯಾಕಿನ ಅಥವಾ ಟೈ ರಾಡ್ ತುದಿಯ ಎತ್ತರವನ್ನು ಶಿಮ್ ಹಾಕಿ ಸರಿಮಾಡಬೇಕು. ಇಲ್ಲವೇ ಕಾರನ್ನು ಅದರ ಮೂಲ ಎತ್ತರಕ್ಕೆ ವಾಪಸ್ ತರಬೇಕು. ನಾನಾದರೆ ಮೊದಲು ಎತ್ತರವನ್ನೇ ವಾಪಸ್ ತರುತ್ತೇನೆ.

ಕೊನೆಗೆ ರಸ್ತೆ. ಟೈರು ತಣ್ಣಗಿರುವಾಗ ಗಾಳಿ ನೋಡಿ ಹೊರಡಿ. ಗೊತ್ತಿರುವ ಒಂದೇ ರಸ್ತೆಯಲ್ಲಿ, ಸಾಧಾರಣ ವೇಗದಲ್ಲಿ ಓಡಿಸಿ. ಏನಾದರೂ ಬದಲಿಸಬೇಕು ಅನ್ನಿಸಿದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ದಿನಾಂಕ ಹಾಕಿ ಬರೆದಿಡಿ. ಹೊಸ ಬುಷ್, ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಕಿ.ಮೀ.ನಲ್ಲಿ ಸ್ವಲ್ಪ ಕೂರುತ್ತವೆ. ಆಮೇಲೆ ಚಕ್ರದ ಬೋಲ್ಟ್‌ಗಳನ್ನೂ ವಿಶ್‌ಬೋನ್ ಬೋಲ್ಟ್‌ಗಳನ್ನೂ ಟಾರ್ಕ್ ಸ್ಪ್ಯಾನರ್‌ನಿಂದ ಮತ್ತೆ ಪರೀಕ್ಷಿಸಿ, ಎತ್ತರ ಇನ್ನೊಮ್ಮೆ ಅಳೆದು, ಮತ್ತೆ ದಾರ ಕಟ್ಟಿ.